ದಾರ ಕಟ್ಟಿದ ಭತ್ತ

ನಮ್ಮ ಮನೆಯವರು ಚಿಂಚೋಳಿ ಹತ್ತಿರ, ಕೆರೆ ಕೆಳಗಿನ ಭತ್ತದ ಪ್ರಯೋಗದ ಗದ್ದೆಯಲ್ಲಿ ಕೆಲಸಕ್ಕಿದ್ದಾರೆ. ಅಲ್ಲಿ ಬೆಂಕಿ ರೋಗವನ್ನು ಬೇಕೆಂದೇ ಬಿಡುತ್ತಾರೆ. ರೊಟ್ಟಿಗೆ ಹತ್ತುವ ಬೂಷ್ಟಿನ ಜಾತಿಯದೇ ಅದು. ಎಲೆ, ತೆನೆ ಎಲ್ಲ ಸುಟ್ಟಂತಾಗುತ್ತವೆ. ತಳಿಗೆ ತಳಿ ಕೂಡಿಸಿ ಬೆಳೆದದ್ದರಲ್ಲಿ ಯಾವುದು ತಡೆದು ನಿಲ್ಲುತ್ತದೋ ಅದರ ಬೀಜ ಮುಂದಿನ ಬೆಳೆಗೆ. ಇದೆಲ್ಲ ನನಗೆ ಆಮೇಲೆ ತಿಳಿದದ್ದು.

ಹೋದ ವರ್ಷ ಏಕಾದಶಿಯ ದಿನ ಅವರು ಸೇಡಂಗೆ ಹೋಗಿದ್ದರು. ತುಳಸಿ ತರಲು ಗದ್ದೆಯ ಬದುವಿಗೆ ಹೋದೆ. ಪೈರೆಲ್ಲ ಸುಟ್ಟಿತ್ತು. ನಡುವೆ ಒಂದೇ ಗಿಡದ ಐದು ತೆನೆ ಬಲಿತು ಬಾಗಿದ್ದವು, ಬುಡಕ್ಕೆ ಕೆಂಪು ದಾರ. ತೆಂಗಳಿಯ ನನ್ನ ತವರಿನಲ್ಲಿ ಹೊಸ ಬೆಳೆಯ ಮೊದಲ ತೆನೆಗೆ ದಾರ ಕಟ್ಟಿ ದೇವರಿಗೆಂದು ಬಿಡುತ್ತಾರೆ. ಮನೆಯ ಹೆಂಗಸೇ ಕೊಯ್ದು ತರಬೇಕು. ಐದೂ ತೆನೆ ಕೊಯ್ದೆ. ಒಣಗಿಸಿ, ಕುಟ್ಟಿ, ದ್ವಾದಶಿಗೆ ಪಾಯಸ ಮಾಡಿದೆ.

ಅಂದು ಸಂಜೆ ಅವರು ಗದ್ದೆ ನೋಡಿಕೊಂಡೇ ಮನೆಗೆ ಬಂದರು.

"ದಾರ ಕಟ್ಟಿದ್ದು ಯಾರು ಕೊಯ್ದಾರ, ಗೊತ್ತದೇನು ನಿನಗ?"

"ನಾನೇ ರೀ. ದೇವರಿಗೆ ಬಿಟ್ಟದ್ದಲ್ಲೇನ್ರಿ ಅದು?"

ಅವರು ಕಟ್ಟೆಯ ಮೇಲೆ ಕುಳಿತರು. "ಅಷ್ಟರಾಗ ಅದೊಂದೇ ಉಳದಿತ್ತು, ಗುರುತಿಗಂತ ದಾರ ಕಟ್ಟಿದ್ದೆ. ಆರು ವರ್ಷದ ಕೆಲಸ."

ಅತ್ತೆ ಒಳಗಿನಿಂದ, "ದೇವರು ಉಂಡಾನ, ತಗೋ. ಇನ್ನ ಅವನ ಹೊಟ್ಟ್ಯಾಗಿಂದ ತಗೀತೀಯೇನು?" ಎಂದರು. ಯಾರೂ ನಗಲಿಲ್ಲ.

ನನಗೆ ಅಳು ಬರಲಿಲ್ಲ. ಒಲೆ ಒರೆಸಿದೆ. ಒರೆಸಿದ್ದನ್ನೇ ಮತ್ತೆ ಒರೆಸಿದೆ. ಆಗ ನೆನಪಾಯಿತು: ನೈವೇದ್ಯದ ಅಕ್ಕಿಯಲ್ಲಿ ಒಂದು ನೆಲ್ಲೂ ಇರಬಾರದೆಂದು, ಹಸನು ಮಾಡುವಾಗ ಸಿಪ್ಪೆ ಬಿಡದ ಕಾಳುಗಳನ್ನು ಆರಿಸಿ ಗುಬ್ಬಿಗಳಿಗೆ ಬಟ್ಟಲಲ್ಲಿ ಇಟ್ಟಿದ್ದೆ. ಹನ್ನೊಂದು ಇದ್ದವು. ಗುಬ್ಬಿ ಬಂದಿರಲಿಲ್ಲ. ಅದೊಂದು ಕೃಪೆ.

ಅವರು ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ ಕಾಗದದಲ್ಲಿ ಮಡಚಿದರು.

"ಇಷ್ಟು ಸಾಕಾಗ್ತಾವೇನ್ರಿ?"

"ಎಲ್ಲಾದರಾಗೂ ಆ ಗುಣ ಇರಂಗಿಲ್ಲ. ನೋಡೋಣು."

ಬೈಯಲಿಲ್ಲ. ಪಾಯಸ ಕೊಟ್ಟೆ, ಪ್ರಸಾದವೆಂದು ಕಣ್ಣಿಗೆ ಒತ್ತಿಕೊಂಡು ಉಂಡರು. ಅದೂ ಒಂದು ಕೃಪೆ.

ಕೊಯ್ದ ಗಿಡದ ಕೂಳೆ ಮತ್ತೆ ಚಿಗುರಲಿಲ್ಲ. ಹನ್ನೊಂದರಲ್ಲಿ ಏಳು ಮೊಳೆತವು. ಈ ಸಲ ಅವನ್ನು ನಾಟಿ ಮಾಡಿ, ಸುತ್ತಲೂ ರೋಗಕ್ಕೆ ಬೇಗ ಬೀಳುವ ಭತ್ತ ಹಚ್ಚಿದ್ದಾರೆ. ರೋಗ ತಗಲಿದರೇ ಯಾವುದು ನಿಲ್ಲುತ್ತದೆಂದು ತಿಳಿಯುವುದು. ಹಾಗಾಗಿ ದಿನಾ ದೀಪ ಹಚ್ಚಿ, ಆ ಏಳಕ್ಕೂ ರೋಗ ಚೆನ್ನಾಗಿ ಬರಲಿ ಎಂದು ಬೇಡುತ್ತೇನೆ. ಹಾಗೆ ಬೇಡಬಹುದೋ ಬಾರದೋ ಗೊತ್ತಿಲ್ಲ.

ಇವತ್ತು ಬೆಳಿಗ್ಗೆ ಮಂಜು ಬಿದ್ದಿತ್ತು. ಮಂಜಿದ್ದರೆ ರೋಗ ಬೇಗ ಹರಡುತ್ತದಂತೆ. ಕೈ ಮುಗಿದೆ.