ಪೆದ್ದಮ್ಮನ ಸಾರಿಗೆ ಬಿದ್ದ ಬೆಳ್ಳುಳ್ಳಿ

ಮೊಮ್ಮಕ್ಕಳೇ, ವಿಜಯವಾಡದ ನಮ್ಮ ಬೀದಿಗೆ ನೀರು ನುಗ್ಗಿದಾಗ ಅಜ್ಜಿ ಬಹಳ ಸೇವೆ ಮಾಡಿದಳೆಂದು ನಿಮ್ಮ ಅಮ್ಮ ಹೋದಲ್ಲೆಲ್ಲ ಹೇಳುತ್ತಾಳೆ. ನಾನು ನಿಜವಾಗಿ ಮಾಡಿದ್ದು ಏನೆಂದು ಬಾಯಲ್ಲಿ ಹೇಳಲು ನಾಚಿಕೆ. ಅದಕ್ಕೇ ಬರೆಯುತ್ತಿದ್ದೇನೆ. ಕನ್ನಡ ಓದುವುದು ಕಷ್ಟವಾದರೆ ಅವಳಿಂದಲೇ ಓದಿಸಿಕೊಳ್ಳಿ, ಅವಳಿಗೂ ಗೊತ್ತಾಗಲಿ.

ನಮ್ಮ ಚರ್ಚ್ ಇದ್ದದ್ದು ಮಹಡಿಯ ಮೇಲೆ. ಕೆಳಗೆ ಎದೆಮಟ್ಟದ ನೀರು. ಬೀದಿಯವರೆಲ್ಲ ಮೇಲೆ ಬಂದರು. ಸಭೆಯವರು ಬೆಂಚುಗಳನ್ನು ಗೋಡೆಗೆ ಸರಿಸಿ ಚಾಪೆ ಹಾಸಿದರು, ದೊಡ್ಡ ಪಾತ್ರೆಗಳಲ್ಲಿ ಅನ್ನಕ್ಕಿಟ್ಟರು. ವಿಶಾಖಪಟ್ಟಣದ ನಮ್ಮ ಹಳೆಯ ಸಭೆಯವರು ಕಳಿಸಿದ ಅಕ್ಕಿ, ಅನಕಾಪಲ್ಲಿಯ ಬೆಲ್ಲ ದೋಣಿಯಲ್ಲಿ ಬಂತು.

ಎದುರು ಮನೆಯ ಮುದುಕಿ ಬೀದಿಗೆಲ್ಲ ಪೆದ್ದಮ್ಮ, ಅಂದರೆ ದೊಡ್ಡಮ್ಮ. ಸಿಂಹಾಚಲದ ಸ್ವಾಮಿಗೆ ನಡೆದುಕೊಳ್ಳುವವರು; ಈರುಳ್ಳಿ, ಬೆಳ್ಳುಳ್ಳಿ ಮುಟ್ಟುವುದಿಲ್ಲ. ಹಿಂದಿನ ದಿನದಿಂದ ಬೆಲ್ಲದ ಚೂರು, ನೀರು ಬಿಟ್ಟರೆ ಅವರ ಹೊಟ್ಟೆಗೆ ಏನೂ ಹೋಗಿರಲಿಲ್ಲ. ಪಾಸ್ಟರಮ್ಮ ನನ್ನ ಕೈಗೆ ಹೊಸ ಪಾತ್ರೆ ಕೊಟ್ಟರು.

“ಅವರಿಗೆ ನೀವೇ ಬೇರೆ ಅಡಿಗೆ ಮಾಡಿ. ನೀವು ಬಾಯೇ ಬಿಡಲ್ಲ, ಎಂಜಲು ಹಾರುವ ಭಯವಿಲ್ಲ.”

ನಾನು ಉಬ್ಬಿಹೋದೆ. ಹೊಸ ಪಾತ್ರೆಯನ್ನೇ ಮೂರು ಸಲ ತೊಳೆದೆ, ಎಲ್ಲರೂ ನೋಡಲಿ ಎಂದು. ಅನ್ನ ಮಾಡಿದೆ, ಬೇಳೆ ಬೇಯಿಸಿದೆ. ಆದರೆ ಮೂವತ್ತು ವರ್ಷ ನಿಮ್ಮ ತಾತನಿಗೆ ಸಾರು ಮಾಡಿದ ಕೈ ಇದು. ಸಾಸಿವೆ ಸಿಡಿದದ್ದೇ ತಡ, ಪಕ್ಕದ ಬುಟ್ಟಿಯಿಂದ ನಾಲ್ಕು ಎಸಳು ಬೆಳ್ಳುಳ್ಳಿ ಜಜ್ಜಿ ಹಾಕಿಬಿಟ್ಟಿತು. ಘಮ್ಮೆಂದ ಮೇಲೆ ನನಗೆ ಗೊತ್ತಾಯಿತು.

ಸೌಟಿನಿಂದ ಹುಡುಕಿ ಮೂರು ತೆಗೆದೆ. ನಾಲ್ಕನೆಯದು ಸಿಗಲಿಲ್ಲ. ನೆರೆಯವರನ್ನು ಪ್ರೀತಿಸಬೇಕೆಂಬ ಮಾತು ಗೋಡೆಯ ಮೇಲೆ ದಪ್ಪ ತೆಲುಗು ಅಕ್ಷರಗಳಲ್ಲಿತ್ತು. ಓದು ಬಾರದವಳಂತೆ ಅದಕ್ಕೆ ಬೆನ್ನು ಮಾಡಿ ಪ್ರಾರ್ಥಿಸಿದೆ: ಸ್ವಾಮೀ, ಈ ಪೆದ್ದಮ್ಮನಿಗೆ ನೆಗಡಿಯಾಗಿರಲಿ.

ಎಲೆ ಹಾಕಿ ಬಡಿಸಿದೆ. ಅವರು ಎಲೆಗೆ ಕೈಮುಗಿದರು. ತುಟಿ ಒಣಗಿತ್ತು. ಸಾರನ್ನ ಕಲಸಿ ತುತ್ತೆತ್ತಿದರು. ಹಾಲಿನವನಿಗೆ “ನೀರು ಜಾಸ್ತಿಯಾಯಿತಪ್ಪ” ಎಂದು ಒಂದು ದಿನವೂ ಹೇಳದ ನಾನು ಅವರ ಮಣಿಕಟ್ಟು ಹಿಡಿದೆ.

“ಬೇಡ ಪೆದ್ದಮ್ಮಗಾರೂ! ಬೆಳ್ಳುಳ್ಳಿ ಹಾಕಿಬಿಟ್ಟೆ!”

ನನ್ನ ತೆಲುಗು ಕೇಳಿ ನೀವು ಹೇಗೆ ನಗುತ್ತೀರೋ, ಅಲ್ಲಿದ್ದವರೂ ಹಾಗೇ ನಗುತ್ತ ತಿರುಗಿ ನೋಡಿದರು.

“ಗೊತ್ತಮ್ಮಾ,” ಅಂದರು ಪೆದ್ದಮ್ಮ. “ಒಗ್ಗರಣೆ ಹಾಕಿದಾಗಲೇ ಮೂಗಿಗೆ ಬಡಿಯಿತು.”

“ಮತ್ತೆ ತುತ್ತು ಎತ್ತಿದಿರಲ್ಲ?”

“ಅಷ್ಟು ಸಲ ಪಾತ್ರೆ ತಿಕ್ಕಿದಿರಿ, ಪಾಪ. ನಿಮ್ಮ ಮುಖ ಬಾಡುತ್ತೆ ಅಂತ ಎರಡು ತುತ್ತು ನುಂಗೋಣ, ಸ್ವಾಮಿಗೆ ಆಮೇಲೆ ಹೇಳಿಕೊಳ್ಳೋಣ ಅಂದುಕೊಂಡೆ.” ಎಲೆ ಪಕ್ಕಕ್ಕೆ ಸರಿಸಿ ಎದ್ದರು. “ಈಗ ಹೇಳಿಬಿಟ್ಟಿರಲ್ಲ, ಬದುಕಿದೆ. ನಡೆಯಿರಿ, ಒಲೆ ಹತ್ತಿರ ನನಗೊಂದು ಕುರ್ಚಿ ಹಾಕಿ. ನಿಮ್ಮ ಕೈಯನ್ನು ಕಾಯಬೇಕು.”

ಕುರ್ಚಿಯಲ್ಲಿ ಕೂತು ಇಂಗು ಹಾಕಿಸಿದರು, ಹುಣಸೆ ಹೆಚ್ಚಾಯಿತೆಂದು ಬೈದರು, ಬೆಳ್ಳುಳ್ಳಿ ಬುಟ್ಟಿಯನ್ನು ತಮ್ಮ ಕಾಲ ಹಿಂದೆ ಎಳೆದುಕೊಂಡರು. ಮೂರು ಗಂಟೆಗೆ ಹೊಟ್ಟೆ ತುಂಬ ಉಂಡರು. ನೀರು ಇಳಿಯುವವರೆಗೂ ಅವರ ಅಡಿಗೆ ನನ್ನದೇ, ಕಾವಲು ಅವರದು.

ಮೊದಲಿನ ಸಾರನ್ನು ಆ ದಿನ ನಾನೇ ಉಂಡೆ. ಕೊನೆಯ ತುತ್ತಿನಲ್ಲಿ ನಾಲ್ಕನೆಯ ಎಸಳು ಸಿಕ್ಕಿತು.