ಪಂಚೆ ಹೊದ್ದ ಹ್ಯಾಲೋವೀನ್

ಆ ಶುಕ್ರವಾರ ಬೆಳಗ್ಗೆ ನಾನು ಮಾಡಿದ ಮೊದಲ ಕೆಲಸ ಕಪ್ಪು ಕಸದ ಚೀಲಗಳನ್ನು ಸೀಳಿ ಕಿಟಕಿಗೆ ಅಂಟಿಸಿದ್ದು. ಪಾರ್ಟಿ ಸಂಜೆ ನಾಲ್ಕಕ್ಕೆ. ನಾವಿರುವ ಈ ಕೊಲ್ಲಿ ದೇಶದ ಫಿಂಟಾಸಿನಲ್ಲಿ ನಾಲ್ಕು ಗಂಟೆಗೆ ಕಣ್ಣು ಬಿಡಲಾಗದಷ್ಟು ಬೆಳಕು. ಅಕ್ಟೋಬರ್ ಮುಗಿಯುತ್ತ ಬಂದರೂ ಎ.ಸಿ. ಆರಿಸುವ ಹಾಗಿಲ್ಲ. ದೆವ್ವಗಳಿಗೆ ಕತ್ತಲೆ ಬೇಕು, ಆದರೆ ದೆವ್ವವಾಗಿ ಬರುವವರು ಎಂಟಕ್ಕೆ ಮಲಗಬೇಕು. ಆದ್ದರಿಂದ ಕತ್ತಲೆಯನ್ನು ನಾವೇ ತಯಾರಿಸಬೇಕಂತೆ. ಇದು ನನ್ನ ತಂಗಿಯ ಲೆಕ್ಕಾಚಾರ.

ತಂಗಿ ಜಾಬ್ರಿಯಾದ ಒಂದು ಕ್ಲಿನಿಕ್ಕಿನಲ್ಲಿ ನರ್ಸ್. ಅವಳದು ಒಂದೇ ಕೋಣೆಯ ಮನೆ, ಹಾಗಾಗಿ ಪಾರ್ಟಿ ನನ್ನ ಮನೆಯಲ್ಲಿ. ಅವಳ ಮಗಳಿಗೆ ಆರು ವರ್ಷ. ಊರಿನಲ್ಲಿ ಅಜ್ಜಿಯ ಹತ್ತಿರ ಬೆಳೆದು, ಈ ವರ್ಷವಷ್ಟೇ ಇಕಾಮಾ, ಅಂದರೆ ವಾಸದ ಪರವಾನಗಿ, ಆಗಿ ಇಲ್ಲಿಗೆ ಬಂದವಳು. ಮನೆಯಲ್ಲಿ ಬಾಯಿಗೆ ಬೀಗವಿಲ್ಲ. ಶಾಲೆಯಲ್ಲಿ ಮಾತ್ರ ಒಂದು ಅಕ್ಷರ ಆಡುವುದಿಲ್ಲ. ಹೀಗೇ ಆದರೆ ಕೆಳಗಿನ ತರಗತಿಗೆ ಹಾಕಬೇಕಾಗುತ್ತದೆ ಎಂದು ಟೀಚರ್ ಹೇಳಿದ ದಿನದಿಂದ ತಂಗಿಗೆ ನಿದ್ದೆ ಹತ್ತಿರಲಿಲ್ಲ. ಮಗಳಿಗೆ ಒಬ್ಬಳಾದರೂ ಗೆಳತಿ ಸಿಕ್ಕಿದರೆ ಸಾಕಿತ್ತು. ಅದಕ್ಕಾಗಿ ಅದೇ ಕ್ಲಾಸಿನ ನಾಲ್ಕು ಹುಡುಗಿಯರನ್ನು ತಾಯಂದಿರ ಸಮೇತ ಕರೆದಿದ್ದಳು. ನವರಾತ್ರಿಗೇ ಕರೆಯಬಹುದಿತ್ತಲ್ಲ ಎಂದು ಕೇಳಿದೆ. ಅದಕ್ಕೆ ಬರುತ್ತಾರೋ ಇಲ್ಲವೋ, ಹ್ಯಾಲೋವೀನ್ ಎಂದರೆ ಖಂಡಿತ ಬರುತ್ತಾರೆ ಎಂದಳು. ನಾಲ್ವರೂ ಮಂಗಳೂರು, ಮುಂಬೈ, ಕೊಚ್ಚಿ ಕಡೆಯವರು. ಯಾರ ಅಜ್ಜಿಯೂ ಕನಸಿನಲ್ಲಿ ಕೂಡ ಕಾಣದ ಹಬ್ಬಕ್ಕೆ ಎಲ್ಲರಿಗೂ ಪುರುಸೊತ್ತು.

ನಮ್ಮ ಕಡೆ ಭೂತ ಎಂದರೆ ಸ್ನಾನ ಮಾಡಿ, ಕೈಮುಗಿದು ಎದುರು ನಿಲ್ಲುವ ವಿಷಯ. ಅದರ ಹೆಸರನ್ನು ಹಗುರವಾಗಿ ಎತ್ತಿದರೆ ಅಮ್ಮ ಕಣ್ಣಲ್ಲೇ ಸುಡುತ್ತಿದ್ದಳು. ಆ ಅಮ್ಮನ ಮಗಳು ಈಗ ನನ್ನ ಸೋಫಾದ ಮೇಲೆ ಹತ್ತಿಯನ್ನು ಎಳೆದೆಳೆದು ಜೇಡರ ಬಲೆ ಮಾಡುತ್ತಿದ್ದಳು. ನಾನು ಪ್ರತಿ ಗುರುವಾರ ಕೋಲು ಹಿಡಿದು ತೆಗೆಯುವ ವಸ್ತುವನ್ನು ದುಡ್ಡು ಕೊಟ್ಟು ತರುವುದೆಂದರೇನು? ಅಡುಗೆಮನೆಯಲ್ಲಿ ನನ್ನ ಪಾಲಿಗೆ ಬಂದದ್ದು ಬೆರಳಿನ ಆಕಾರದ ಬಿಸ್ಕತ್ತು, ತುದಿಗೆ ಬಾದಾಮಿಯ ಉಗುರು. ಕುಡಿಯಲು ಬೀಟ್ರೂಟಿನ ರಕ್ತ. ಮಕ್ಕಳು ತಿನ್ನಲಿ ಎಂದು ಮಾಡುವ ತಿಂಡಿಯನ್ನು ನೋಡಿದರೆ ವಾಕರಿಕೆ ಬರಬೇಕು ಎನ್ನುವುದು ಯಾವ ದೇಶದ ಬುದ್ಧಿಯೋ ನನಗೆ ಈಗಲೂ ತಿಳಿದಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಚೀನಿಕಾಯಿ, ಅಂದರೆ ಸಿಹಿಗುಂಬಳ. ಜಮಿಯಾದಿಂದ, ಎಂದರೆ ಇಲ್ಲಿನ ಸಹಕಾರಿ ಅಂಗಡಿಯಿಂದ, ತಂಗಿ ಹಸುಗೂಸನ್ನು ಎತ್ತಿಕೊಂಡ ಹಾಗೆ ಒಂದನ್ನು ತಂದಿದ್ದಳು. ತಲೆಯ ಹತ್ತಿರ ಮುಚ್ಚಳದ ಹಾಗೆ ಕೊಯ್ದು, ತಿರುಳು ತೆಗೆದು, ಕಣ್ಣು ಬಾಯಿ ಕೊರೆದು ಒಳಗೆ ದೀಪ ಇಡಬೇಕು. ಆದರೆ ನಮ್ಮ ಮನೆಯಲ್ಲಿ ಇಡೀ ಕುಂಬಳಕ್ಕೆ ಹೆಂಗಸರು ಮೊದಲು ಕತ್ತಿ ಹಾಕುವುದಿಲ್ಲ. ಗಂಡಸರು ಒಂದು ಪೆಟ್ಟು ಹಾಕಿಕೊಟ್ಟ ಮೇಲೆಯೇ ನಾವು ಮುಟ್ಟುವುದು. ದೆವ್ವಕ್ಕೆ ಹೆದರದ ತಂಗಿಯೂ ಇದಕ್ಕೆ ಹೆದರಿದಳು. ಚಾಕು ಎತ್ತಿ, ಕೆಳಗಿಟ್ಟು, “ಭಾವ ಬರ್ಲಿ ಅಕ್ಕ” ಎಂದಳು. ಇಲ್ಲಿ ವಾರದ ರಜೆ ಶುಕ್ರ, ಶನಿ; ಆದರೂ ನನ್ನವರಿಗೆ ಅಂದು ಅರ್ದಿಯಾದ ಗೋದಾಮಿನಲ್ಲಿ ಮಾಲು ಇಳಿಸುವುದಿತ್ತು. ನಾವಿಬ್ಬರೂ ಚೀನಿಕಾಯಿಯ ಮುಖ ನೋಡುತ್ತ ಕುಳಿತೆವು.

ಅವರು ಬಂದದ್ದು ಮೂರು ಗಂಟೆಗೆ, ಹಸಿದುಕೊಂಡು. ನಾನು ಒಳಗೆ ಅನ್ನ ಬಡಿಸುತ್ತಿದ್ದೆ, ತಂಗಿ ಮಗಳಿಗೆ ಮಾಟಗಾತಿಯ ಕಪ್ಪು ಗೌನು ತೊಡಿಸುತ್ತಿದ್ದಳು. ಒಂದು ಪೆಟ್ಟು ಹಾಕಿಕೊಡಿ ಎಂದಷ್ಟೇ ಇಬ್ಬರೂ ಕೂಗಿ ಹೇಳಿದೆವು. ಅವರು ಹಾಕಿದರು. ಆಯುಧಪೂಜೆಯ ದಿನ ಗಾಡಿಯ ಮುಂದೆ ಹಾಕುವಂಥ ಒಂದೇ ಪೆಟ್ಟು. ಚೀನಿಕಾಯಿ ಸರಿಯಾಗಿ ಎರಡು ಹೋಳು. ಸಾಲದ್ದಕ್ಕೆ ಎರಡಕ್ಕೂ ಕುಂಕುಮ ಹಚ್ಚಿಟ್ಟಿದ್ದರು.

ತಂಗಿ ನೆಲದ ಮೇಲೆ ಕುಳಿತುಬಿಟ್ಟಳು. “ಎಂತ ಮಾಡಿದ್ದು ಭಾವ ನೀವು?”

“ಎಂತ, ಹುಳಿಗೆ ಇನ್ನೂ ಸಣ್ಣ ಬೇಕಿತ್ತಾ?” ಎಂದರು ಅವರು ಕೈ ತೊಳೆಯುತ್ತ.

ಇನ್ನು ಮನೆಯಲ್ಲಿ ಹೆದರಿಸುವಂಥದ್ದು ಏನೂ ಉಳಿದಿರಲಿಲ್ಲ, ನನ್ನ ಬಿಸ್ಕತ್ತನ್ನು ಬಿಟ್ಟರೆ. ಒಂದಾದರೂ ದೆವ್ವ ಇರಲೇಬೇಕು ಎಂದು ತಂಗಿ ನನ್ನವರ ಹಳೆಯ ಬಿಳಿ ಪಂಚೆ ತೆಗೆದು, ಎರಡು ತೂತು ಕತ್ತರಿಸಿ, ಮಗಳ ಮೇಲೆ ಹಾಕಿದಳು. ಗೌನು ಮುಚ್ಚಿಹೋಯಿತು. ಮಗು ಮುಚ್ಚಿಹೋಯಿತು. ನಡೆದರೆ ಪಂಚೆ ನಡೆದ ಹಾಗೆ. ಕಾಲಿಗೆ ಸಿಕ್ಕಿ ಬಿದ್ದೀತು ಎಂದು ನಾನು ಬುಡ ಮಡಚಿ ಎರಡು ಹೊಲಿಗೆ ಹಾಕಿಕೊಟ್ಟೆ.

ನಾಲ್ಕಕ್ಕೆ ಅತಿಥಿಗಳು ಬಂದರು. ತಾಯಂದಿರು ಮೊಬೈಲಿನಲ್ಲಿ ಹತ್ತಿಯ ಬಲೆಯ ಫೋಟೋ ತೆಗೆದರು, ಬೆರಳಿನ ಬಿಸ್ಕತ್ತಿನ ಫೋಟೋ ತೆಗೆದರು, ಒಬ್ಬರೂ ತಿನ್ನಲಿಲ್ಲ. ಮಕ್ಕಳು ರಕ್ತ ಬೇಡವೆಂದು ನೀರು ಕೇಳಿದರು. ಚೀನಿಕಾಯಿ ಎಲ್ಲಿ ಎಂದು ಒಬ್ಬಾಕೆ ವಿಚಾರಿಸಿದ್ದಕ್ಕೆ, ಕುಕ್ಕರಿನಲ್ಲಿ ಎಂದೆ.

ಐದು ಗಂಟೆಯ ಹೊತ್ತಿಗೆ ತಟ್ಟೆ ಎತ್ತಲು ಹೋದಾಗ ಸೋಫಾದ ಹಿಂದೆ ಮಾತು ಕೇಳಿಸಿತು. ಬಾವಲಿಯ ರೆಕ್ಕೆ ಕಟ್ಟಿಕೊಂಡಿದ್ದ ಒಬ್ಬ ಹುಡುಗಿಯೂ ನಮ್ಮ ಪಂಚೆಯೂ ಎದುರುಬದುರು ಕುಳಿತಿದ್ದರು. ಪಂಚೆ ಇಂಗ್ಲಿಷಿನಲ್ಲಿ ಮಾತಾಡುತ್ತಿತ್ತು. ಇಷ್ಟು ತಿಂಗಳು ಕೇಳಿ ಕೇಳಿ ಒಳಗೆ ತುಂಬಿಕೊಂಡಿದ್ದನ್ನೆಲ್ಲ ಸುರಿಯುತ್ತಿತ್ತು: ದೆವ್ವಕ್ಕೆ ಹಸಿವಾಗುವುದಿಲ್ಲ, ಬಾಯಾರಿಕೆ ಮಾತ್ರ ಆಗುತ್ತದೆ, ಹಾರುವುದು ನಾಳೆ ಕಲಿಯುತ್ತದೆ. ನಾನು ತಂಗಿಯನ್ನು ಕರೆದು ತೋರಿಸಿದೆ. ಅವಳು ಗೋಡೆಗೆ ಒರಗಿ ನಿಂತಳು. ಕೈಯಲ್ಲಿದ್ದ ಲೋಟ ಇಡುವುದನ್ನೂ ಮರೆತಳು.

ಅಷ್ಟರಲ್ಲಿ ಫೋಟೋದ ಹೊತ್ತು. ತಾಯಂದಿರ ಗ್ರೂಪಿಗೆ ಹಾಕದಿದ್ದರೆ ಪಾರ್ಟಿ ನಡೆದ ಲೆಕ್ಕವೇ ಇಲ್ಲ. ಮಕ್ಕಳನ್ನು ಸಾಲಾಗಿ ನಿಲ್ಲಿಸಿದರು. ಬಾವಲಿಯ ತಾಯಿ, ಮಂಗಳೂರಿನವರು, ಪಂಚೆಯ ಕಡೆ ಕೈ ಮಾಡಿದರು. “ಮುಖವೇ ಕಾಣದಿದ್ರೆ ಫೋಟೋ ಎಂತಕ್ಕೆ? ಅದನ್ನು ತೆಗೀರಿ.”

ಅಲ್ಲಿಯವರೆಗೆ ಗಲಗಲ ಎನ್ನುತ್ತಿದ್ದ ಪಂಚೆ ಥಟ್ಟನೆ ಸುಮ್ಮನಾಯಿತು. ಈ ಒಂದು ಫೋಟೋಕ್ಕಾಗಿಯೇ ತಂಗಿ ವಾರವಿಡೀ ಹೆಣಗಿದ್ದು ನನಗೆ ಗೊತ್ತಿತ್ತು. ಮಗಳು ನಾಲ್ವರ ನಡುವೆ ನಗುವ ಫೋಟೋ ಟೀಚರಿನ ಕಣ್ಣಿಗೂ ಬೀಳಲಿ ಎಂದು. ಅವಳ ಕೈ ಪಂಚೆಯ ಅಂಚಿಗೆ ಹೋಯಿತು. ಹೋಗಿ, ಹಿಂದೆ ಬಂತು.

“ಇರ್ಲಿ. ದೆವ್ವದ ಮುಖ ಯಾರಿಗೂ ತೋರಿಸ್ಲಿಕ್ಕೆ ಇಲ್ಲ.”

“ಮತ್ತೆ ನಿಮ್ಮ ಮಗಳೇ ಇರ್ಲಿಲ್ಲ ಅಂತ ಆಗ್ತದೆ, ನೋಡಿ.”

“ಆಗ್ಲಿ” ಎಂದಳು ತಂಗಿ.

ಆ ಫೋಟೋ ಈಗಲೂ ಗ್ರೂಪಿನಲ್ಲಿದೆ. ಬಣ್ಣ ಬಳಿದ ನಾಲ್ಕು ಮುಖ, ಪಕ್ಕದಲ್ಲಿ ಒಗೆಯಲು ಹಾಕಿದಂಥ ಒಂದು ಬಟ್ಟೆ. ಕೆಳಗೆ ಹೃದಯದ ಚಿಹ್ನೆಗಳ ಸಾಲು. ಅಷ್ಟು ಹೃದಯ ಕಳಿಸಿದವರಲ್ಲಿ ಒಬ್ಬರಿಗೂ ಆ ಬಟ್ಟೆಯೊಳಗೆ ಯಾರಿದ್ದರೆಂದು ಕೇಳಲು ತೋಚಲಿಲ್ಲ.

ಕೇಳಿದವಳು ಬಾವಲಿ ಒಬ್ಬಳೇ. ಹೊರಡುವಾಗ, ಬಾಗಿಲ ಹತ್ತಿರ, ಒಂದು ಶೂ ಕೈಯಲ್ಲಿ ಹಿಡಿದುಕೊಂಡು, ನೀನು ನಮ್ಮ ಕ್ಲಾಸಾ, ಯಾರು ನೀನು ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಅವಳ ತಾಯಿ ಹೆಸರು ಹೇಳಲು ಬಾಯಿ ತೆರೆದರು. ತಂಗಿ ಅವರ ಮೊಣಕೈ ಹಿಡಿದಳು. ಪಂಚೆ ಒಂದು ಹೆಜ್ಜೆ ಮುಂದೆ ಬಂತು. ಆಮೇಲೆ ಒಳಗಿನಿಂದ ಇಂಗ್ಲಿಷಿನಲ್ಲೇ ಉತ್ತರ ಬಂತು.

“ನಾನು ನಿನ್ನ ಹಿಂದೆಯೇ ಕೂತ್ಕೊಳ್ಳೋದು. ನೀನು ತಿರುಗೋದೇ ಇಲ್ಲ.”

ಬಾವಲಿ ಯೋಚಿಸಿದಳು. ತಿರುಗಿದರೆ ಮ್ಯಾಮ್ ಬೈಯುತ್ತಾರೆ ಎಂದಳು. ಮತ್ತೆ ಶೂ ಹಾಕಿಕೊಂಡು, ಮ್ಯಾಮ್ ಬೋರ್ಡಿನ ಮೇಲೆ ಬರೆಯುವಾಗ ತಿರುಗುತ್ತೇನೆ, ಭಾನುವಾರ, ಎಂದಳು.

ಒಳಗಿನಿಂದಲೇ ಎರಡು ಕೈ ಪಂಚೆಯನ್ನು ಮೇಲೆತ್ತಿ ತೆಗೆದವು. ಬೆವರಿಗೆ ಹಣೆಗಂಟಿದ ಕೂದಲು, ಕೆಂಪಾದ ಮುಖ. ತಿರುಗಿದಾಗ ಗುರುತು ಸಿಗಬೇಕಲ್ಲ.