ನಮ್ಮೂರ ರಸ್ತೆಗೆ ನಂಬರು ಬಂದದ್ದು

ಮಾರಿಕುಪ್ಪಂ ಸ್ಟೇಷನ್ನಿಗೆ ಹೋಗುವ ನಮ್ಮೂರ ರಸ್ತೆ ಈಗ ರಾಜ್ಯ ಹೆದ್ದಾರಿಯ ಒಂದು ಕವಲು. ಉದ್ದ ಹೆಚ್ಚೇನಿಲ್ಲ. ಕ್ಯಾಸಂಬಳ್ಳಿ ಕಡೆಯ ದೊಡ್ಡ ರಸ್ತೆಯಲ್ಲಿ ಹುಟ್ಟಿ, ನಮ್ಮೂರನ್ನು ಹಾದು, ರೈಲು ನಿಲ್ಲುವಲ್ಲಿಗೆ ಮುಗಿದುಹೋಗುತ್ತದೆ. ಬಸ್ಸಿನಲ್ಲಿ ಕೂತು ಸೆರಗು ಸರಿಮಾಡಿಕೊಳ್ಳುವಷ್ಟರಲ್ಲಿ ಇಳಿಯಬೇಕಾಗುತ್ತದೆ. ಆದರೂ ಅದಕ್ಕೊಂದು ನಂಬರಿದೆ, ಆ ನಂಬರು ಬಂದುದರಲ್ಲಿ ನನ್ನ ಕೈಯ ಗೀಟುಗಳೂ ಇವೆ.

ಮೊದಲು ಆ ನಂಬರು ಪಕ್ಕದ ರಸ್ತೆಯದಾಗಿತ್ತು. ಊರಾಚೆಯ ಆಲದ ಮರದ ಹತ್ತಿರ ಕವಲು ಎರಡಾಗುತ್ತದೆ. ಎಡಕ್ಕೆ ಹೋದರೆ ಚಿನ್ನದ ಗಣಿಯ ಹಳೆಯ ಗೇಟು, ಬಲಕ್ಕೆ ಬಂದರೆ ನಾವು. ಗಣಿ ನಡೆಯುತ್ತಿದ್ದ ಕಾಲದಲ್ಲಿ ಎಡಗಡೆಯದನ್ನೇ ಹೆದ್ದಾರಿ ಎಂದು ಬರೆದಿದ್ದರು. ಗಣಿ ಮುಚ್ಚಿ ಎಷ್ಟೋ ವರ್ಷವಾದ ಮೇಲೂ ಪಟ್ಟಿಯಲ್ಲಿ ಅದೇ ಉಳಿದಿತ್ತು. ರಾಜ್ಯ ಹೆದ್ದಾರಿ ಹೋಗಿ ಹೋಗಿ ಬೀಗ ಹಾಕಿದ ಗೇಟಿನ ಮುಂದೆ ನಿಲ್ಲುತ್ತಿತ್ತು. ಇತ್ತ ಬೆಳಗಿನ ರೈಲಿಗೆ ಓಡುವ ಜನವೆಲ್ಲ ನಮ್ಮ ರಸ್ತೆಯ ಗುಂಡಿಗಳಲ್ಲಿ ಎದ್ದು ಬಿದ್ದು ಹೋಗುತ್ತಿದ್ದರು. ಮಾರಿಕುಪ್ಪಂನಲ್ಲಿ ಹತ್ತಿದರೆ ಕೂರಲು ಜಾಗ ಸಿಗುತ್ತದೆ, ಬಂಗಾರಪೇಟೆಯಲ್ಲಿ ಹತ್ತಿದರೆ ನಿಂತೇ ಹೋಗಬೇಕು. ಅಷ್ಟಕ್ಕೇ ಸುತ್ತಲಿನ ಹಳ್ಳಿಯವರು ಇತ್ತ ಬರುತ್ತಿದ್ದರು.

ನಮ್ಮೂರವರು ಅರ್ಜಿ ಕೊಟ್ಟು ಕೊಟ್ಟು ಸುಸ್ತಾದ ಮೇಲೆ ರಸ್ತೆ ಇಲಾಖೆಯಿಂದ ಒಬ್ಬ ಎಂಜಿನಿಯರಮ್ಮ ಬಂದರು. ನಂಬರನ್ನು ಈ ಕಡೆಗೆ ತಿರುಗಿಸಬಹುದು, ಆದರೆ ಎರಡೂ ರಸ್ತೆಗಳಲ್ಲಿ ಒಂದು ವಾರ ವಾಹನ ಎಣಿಸಬೇಕು ಎಂದರು. ನಾನು ಡೈರಿಯಲ್ಲಿ ಬೆಳಗ್ಗೆ ಬರುವ ಹಾಲಿನ ಕೊಬ್ಬಿನಂಶ, ಅಂದರೆ ಫ್ಯಾಟು, ಬರೆದಿಡುತ್ತಿದ್ದೆ. ಅಕ್ಷರ ದುಂಡಗಿದೆ ಎಂದು ಡೈರಿಯವರು ನನ್ನನ್ನೇ ತೋರಿಸಿದರು. ಗೇಟಿನ ರಸ್ತೆಗೆ ಅಲ್ಲಿಯದೇ ಕಾಲೋನಿಯ ಒಬ್ಬ ಹಿರಿಯರು ಸಿಕ್ಕರು. ಗಣಿಯೊಳಗೆ ಕೆಲಸ ಮಾಡಿ ನಿವೃತ್ತರಾದವರು, ಮನೆಮಾತು ತಮಿಳು, ನಮ್ಮ ಜೊತೆ ಮಾತ್ರ ಕನ್ನಡ.

ಕೆಲಸ ಸುಲಭ. ಕಾರಿಗೊಂದು ಕಾಲಂ, ಆಟೋ ಟೆಂಪೋಗೊಂದು, ಬಸ್ಸಿಗೊಂದು, ಟ್ರಾಕ್ಟರಿಗೊಂದು, ದ್ವಿಚಕ್ರಕ್ಕೊಂದು. ನಾಲ್ಕು ಗೀಟು ಉದ್ದ, ಐದನೆಯದು ಅಡ್ಡ. ಮೊದಲ ದಿನ ಬೆಳಗ್ಗೆ ಡೈರಿಯ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಾಗ ನಮ್ಮೂರು ನನಗೆ ಹೊಸದಾಗಿ ಕಂಡಿತು. ಹಾಲಿನ ಕ್ಯಾನು ಕಟ್ಟಿದ ಬೈಕುಗಳು, ಟೊಮೆಟೊ ಕ್ರೇಟಿನ ಟೆಂಪೋಗಳು, ಬೆಂಗಳೂರಿಗೆ ಮನೆಗೆಲಸಕ್ಕೆ ಹೋಗುವ ಹೆಂಗಸರು ತುಂಬಿದ ಆಟೋಗಳು. ಇಷ್ಟು ಜನ ಬೆಳಕು ಹರಿಯುವ ಮೊದಲೇ ಎದ್ದು ದುಡಿಯಲು ಹೊರಡುತ್ತಾರೆಂದು ಗೊತ್ತಿದ್ದರೂ, ಕಾಗದದ ಮೇಲೆ ಸಾಲಾಗಿ ನಿಂತಾಗ ಎದೆ ತುಂಬಿತು. ಹುಲ್ಲಿನ ಹೊರೆ ಹೊತ್ತು ನಡೆದು ಹೋಗುವವರಿಗೆ ಕಾಲಂ ಇರಲಿಲ್ಲ. ಅದೊಂದು ನೋವಾಯಿತು.

ಎರಡನೆಯ ದಿನ ನಮ್ಮ ಪಂಚಾಯಿತಿ ಸದಸ್ಯರೊಬ್ಬರು ಬೈಕು ನಿಲ್ಲಿಸಿ ಹಾಳೆಯನ್ನು ಇಣುಕಿದರು. ದನಿ ತಗ್ಗಿಸಿ, "ಒಂದೊಂದು ಗಾಡಿಗೆ ಎಲ್ಡೆಲ್ಡು ಗೀಟು ಆಕಕ್ಕ, ಯಾರು ನೋಡ್ತಾರೆ? ಊರಿಗೆ ಒಳ್ಳೇದಾಗೋದು ತಾನೆ" ಎಂದು ಹೇಳಿ ಹೋದರು. ಆಮೇಲೆ ಒಂದು ಟ್ರಾಕ್ಟರು ಹೋಯಿತು. ಮೂರು ಗೀಟು ಎಳೆದೆ. ಕೈ ತಾನೇ ಎಳೆಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ, ನಾನೇ ಎಳೆದೆ.

ಮಧ್ಯಾಹ್ನ ನನ್ನ ಜಾಗಕ್ಕೆ ಡೈರಿಯವರೊಬ್ಬರನ್ನು ಕೂರಿಸಿ, ಮುದ್ದೆಯ ಡಬ್ಬಿ ಹಿಡಿದು ಗೇಟಿನ ರಸ್ತೆಗೆ ಹೋದೆ. ಆ ಹಿರಿಯರು ಹಳೆಯ ಬಸ್ ನಿಲ್ದಾಣದ ನೆರಳಲ್ಲಿ ನೆಟ್ಟಗೆ ಕೂತಿದ್ದರು. ಕಾಲಿಗೆ ಬೂಟು, ಇಸ್ತ್ರಿ ಮಾಡಿದ ಅಂಗಿ, ಪಾಳಿಗೆ ಬಂದವರ ಹಾಗೆ. ಹಾಳೆ ನೋಡಿದೆ. ಬೆಳಗಿನ ಬಸ್ಸು, ಒಂದು ಸ್ಕೂಟರು, ಒಂದು ಸೈಕಲ್ಲು, ಮಿಕ್ಕದ್ದೆಲ್ಲ ಬಿಳಿ. ನಂಬರು ಹೋದರೆ ಡಾಂಬರೂ ಹೋಗುತ್ತದೆ ಎಂದು ಅವರ ಕಾಲೋನಿಯವರು ಹೆದರಿದ್ದರು. ನಾಲ್ಕು ಗೀಟು ಜಾಸ್ತಿ ಹಾಕಿ ಎಂದು ಅವರಿಗೂ ಹೇಳಿದ್ದರಂತೆ.

ಹಾಕಲಿಲ್ಲವೇ ಎಂದು ಕೇಳಿದೆ.

"ಬಂದದ್ದು ಬರೀತೀನಮ್ಮ. ಬರದೇ ಇರೋದ್ನ ಎಂಗೆ ಬರೀಲಿ?" ಎಂದರು. ರಸ್ತೆಯ ಕಡೆ ಕೈ ತೋರಿಸಿದರು. "ಒಂದು ಕಾಲದಲ್ಲಿ ಕೇಳ್ಬೇಡ. ಶಿಫ್ಟ್ ಬಿಟ್ರೆ ಸೈಕಲ್ ಮೇಲೆ ಸೈಕಲ್ಲು, ದಾಟೋಕೇ ಆಗ್ತಿರ್ಲಿಲ್ಲ. ಆವಾಗ ಯಾರೂ ಎಣಿಸ್ಲಿಲ್ಲ. ಅದು ನಿಜ, ಇದೂ ನಿಜ."

ಮುದ್ದೆಯ ಡಬ್ಬಿಗೆ ಮತ್ತೆ ಮುಚ್ಚಳ ಹಾಕಿದೆ. ಅವರಿಗೆ ಕಳೆದುಕೊಳ್ಳುವುದಿತ್ತು, ಆದರೂ ಬರೆಯಲಿಲ್ಲ. ನನಗೆ ಸುಳ್ಳಿನ ಅಗತ್ಯವೇ ಇರಲಿಲ್ಲ, ಆದರೂ ಬರೆದಿದ್ದೆ. ವಾಪಸು ಬಂದವಳೇ ಹೆಚ್ಚಿಗೆ ಎಳೆದಿದ್ದ ಆ ಎರಡು ಗೀಟು ಹೊಡೆದುಹಾಕಿ ಪಕ್ಕದಲ್ಲಿ ಸಹಿ ಮಾಡಿದೆ. ಸಂಜೆ ಸದಸ್ಯರು ಮತ್ತೆ ಬಂದಾಗ, ನಮ್ಮೂರಿನ ಗಾಡಿ ನಮ್ಮೂರಿಗೆ ಸಾಕು ಎಂದೆ. ಅವರಿಗೆ ಸಿಟ್ಟು ಬಂತು. ಒಂದೆರಡು ತಿಂಗಳು ಮಾತು ಬಿಟ್ಟಿದ್ದರು.

ವಾರ ಕಳೆದು ಎಂಜಿನಿಯರಮ್ಮ ಹಾಳೆಗಳನ್ನು ತೆಗೆದುಕೊಳ್ಳಲು ಬಂದಾಗ ಆ ಹೊಡೆದ ಗೀಟುಗಳ ಬಳಿ ಬೆರಳಿಟ್ಟು ಕೇಳಿದರು. ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಬೈಸಿಕೊಳ್ಳಲು ಸಿದ್ಧಳಾಗಿಯೇ ನಿಂತಿದ್ದೆ. ಅವರು ಬೈಯಲಿಲ್ಲ. ತಾವೂ ಒಂದು ದಿನ ನನಗೆ ತಿಳಿಯದ ಹಾಗೆ ಸ್ಟೇಷನ್ನಿನ ಬಳಿ ಕಾರಲ್ಲಿ ಕೂತು ಎಣಿಸಿದ್ದಾಗಿಯೂ, ಆ ದಿನದ ನನ್ನ ಹಾಳೆಯೂ ತಮ್ಮದೂ ತಾಳೆಯಾಗಿವೆ ಎಂದೂ ಹೇಳಿದರು. ಸ್ಕೂಲಿನಲ್ಲಿ ರ‍್ಯಾಂಕು ಬಂದವರಿಗೆ ಹೇಗಿರುತ್ತದೋ ನನಗೆ ಗೊತ್ತಿಲ್ಲ. ಅಂದು ನನಗೆ ಹಾಗೆ ಇತ್ತು. ನಾನು ಸುಮ್ಮನಿರಲಾರದೆ, ಗೇಟಿನ ರಸ್ತೆಯ ಬಸ್ಸನ್ನು ಮಾತ್ರ ತೆಗೆಸಬೇಡಿ, ಅಲ್ಲಿ ವಯಸ್ಸಾದವರಿದ್ದಾರೆ ಎಂದು ಕೇಳಿಕೊಂಡೆ. ಬಸ್ಸು ನನ್ನ ಕೈಲಿಲ್ಲ, ಆದರೆ ಬರೆದು ಹಾಕುತ್ತೇನೆ ಎಂದರು.

ಆದೇಶ ಬರಲು ಬಹಳ ದಿನ ಹಿಡಿಯಿತು. ಬಂದ ಮೇಲೆ ಗುಂಡಿ ಮುಚ್ಚಿ ಡಾಂಬರು ಹಾಕಿದರು, ಆಮೇಲೆ ಹಸಿರು ತಲೆಯ ಕಿಲೋಮೀಟರ್ ಕಲ್ಲು ನೆಟ್ಟರು. ಗೇಟಿನ ರಸ್ತೆ ಊರಿನ ಸಾಮಾನ್ಯ ರಸ್ತೆಯಾಯಿತು. ಬೆಳಗಿನ ಬಸ್ಸು ಇಂದಿಗೂ ಮೊದಲು ಕಾಲೋನಿಗೆ ಹೋಗಿ, ತಿರುಗಿಕೊಂಡು ನಮ್ಮ ಕಡೆಗೆ ಬರುತ್ತದೆ.

ಕಲ್ಲು ನೆಟ್ಟ ಮರುದಿನ ಆ ಹಿರಿಯರು ಅದೇ ಬಸ್ಸಿನಲ್ಲಿ ಬಂದು ಡೈರಿಯ ಮುಂದೆ ಇಳಿದರು. ಕಲ್ಲನ್ನು ಸುತ್ತಿ ಬಂದು ನಂಬರನ್ನು ಗಟ್ಟಿಯಾಗಿ ಓದಿದರು. "ಅದೇ ನಂಬರು," ಎಂದರು. "ನಂ ಮನೆ ಎಣ್ಣು ಪಕ್ಕದೂರಿಗೆ ಸೊಸೆಯಾಗಿ ಬಂದಂಗಾಯ್ತು. ಚೆನ್ನಾಗಿ ನೋಡ್ಕೊಳ್ರಮ್ಮ."

ಅವರಿಗೆ ರೈಲು ಹಿಡಿದು ಬಂಗಾರಪೇಟೆಯ ಮಗಳ ಮನೆಗೆ ಹೋಗಬೇಕಿತ್ತು. ಬಸ್ಸು ಕಾಯುತ್ತಿತ್ತು. ಕೈ ಹಿಡಿದು ಹತ್ತಿಸಿ, ಮುಂದಿನ ಸೀಟು ಬಿಡಿಸಿ ಕೂರಿಸಿದೆ. ಇಳಿಯುವಾಗ ಡ್ರೈವರಿಗೆ, "ಈ ರೋಡಿಗೆ ನಂಬರ್ ಕೊಡ್ಸಿದೋರು ಇವ್ರೇ, ನಿದಾನಕ್ಕೆ ಓಡ್ಸಣ್ಣ" ಎಂದೆ. ಹಿರಿಯರು ಏನೋ ಹೇಳಲು ಹೋದರು. ಅಷ್ಟರಲ್ಲಿ ಬಸ್ಸು ಹೊರಟಿತು.